ಕುಣಿಯ ತಂಪು

ಅನಸವ್ವನಿಗೆ ಒಂದು ಚಟವಿತ್ತು. ಯಾರ ಮೈಮೇಲೆ ಹೊಸ ಸೀರೆ ಕಂಡರೂ ಸೆರಗು ಹಿಡಿದು, ಮಗುಚಿ, ಹಿಂಬದಿ ನೋಡದೆ ಬಿಡುತ್ತಿರಲಿಲ್ಲ. ಮದುವೆಯ ಮನೆಯಿರಲಿ, ಮಣ್ಣಿಗೆ ಹೋದ ಮನೆಯಿರಲಿ, ಅವಳ ಕೈ ಸುಮ್ಮನಿರದು. ಒಮ್ಮೆ ಜಮಖಂಡಿ ಬಸ್ಸಿನಲ್ಲಿ ಮುಂದಿನ ಸೀಟಿನ ಗುರುತಿಲ್ಲದ ಹೆಣ್ಣುಮಗಳ ಸೆರಗಿಗೆ ಕೈ ಹಾಕಿ, ಆಕೆ "ಕಳ್ಳಿ, ಕಳ್ಳಿ" ಎಂದು ಕೂಗಿ, ಕಂಡಕ್ಟರು ಬಸ್ಸು ನಿಲ್ಲಿಸಿದ್ದೂ ಉಂಟು. ಆಗಲೂ ಅನಸವ್ವ ನಾಚಲಿಲ್ಲ. "ಕದಿಯಾಕಲ್ರೀ ನಮ್ಮವ್ವಾ, ನೋಡಾಕ. ಮುಂದಿನ ಮಾರಿ ಎಲ್ಲಾರೂ ಛಂದನ ಮಾಡ್ತಾರ. ನೇಯ್ದಾಂವ ಎಂಥಾಂವ ಅನ್ನೂದು ಹಿಂದ ನೋಡಿದ್ರ ಗೊತ್ತಾಗತೈತಿ," ಎಂದು ಇಡೀ ಬಸ್ಸಿಗೆ ಪಾಠ ಹೇಳಿದಳು.

ಇಂಥ ಹೆಂಗಸು ತನ್ನ ಮನೆಯ ಗೋಡೆಯೊಳಗೆ ಏನಿದೆ ಎಂದು ನೋಡದೆ ಕೂತಳು ಎಂದರೆ ನಂಬುತ್ತೀರಾ? ಕೂತಳು. ಯಾಕೆಂದರೆ ಆ ಗೋಡೆಯನ್ನು ಮುಚ್ಚಿದವನು ದುಂಡೇಶ.

ಬನಹಟ್ಟಿಯ ಆ ಓಣಿಯಲ್ಲಿ ಈಗ ಕಿವಿಗೆ ಬೀಳುವುದೆಲ್ಲ ವಿದ್ಯುತ್ ಮಗ್ಗಗಳ ಸದ್ದೇ. ಹೊಸಬರು ಬಂದರೆ ತಲೆ ಹಿಡಿದುಕೊಳ್ಳುತ್ತಾರೆ. ಓಣಿಯವರಿಗೆ ಕರೆಂಟು ಹೋದಾಗಲೇ ತಲೆ ನೋಯುವುದು. ಆ ಗದ್ದಲದ ನಡುವೆ ಕೈಮಗ್ಗವನ್ನು ಇನ್ನೂ ಬಿಡದಿದ್ದವಳು ಅನಸವ್ವ ಒಬ್ಬಳು. ನಡುಮನೆಯ ಮೂಲೆಯಲ್ಲಿ ನೆಲ ಅಗೆದು ಮಾಡಿದ ಕುಣಿ, ಅದರ ಮೇಲೆ ಮಗ್ಗ. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಳೆಂದರೆ ಅವಳು ರಾಣಿ. ಗಂಡ ಶಂಕರೆಪ್ಪ ತೀರಿಕೊಂಡ ಮೇಲೆ ಮಗ ನವೀನ ಎಷ್ಟೋ ಸಲ ಹೇಳಿದ್ದ, ಸಾಕು ಬಿಡವ್ವ ಎಂದು. ಅವನಿಗೆ ಜಮಖಂಡಿಯ ಕಾಲೇಜೊಂದರ ಆಫೀಸಿನಲ್ಲಿ ಕೆಲಸ, ತಿಂಗಳಾದರೆ ಪಗಾರ. "ನಿನ್ನ ಪಗಾರ ನಿನಗ ಇರ್ಲಿ. ನಾ ಕುಣ್ಯಾಗ ಇಳದ್ರ ನನಗ ನಿನ್ನಪ್ಪ ಬಾಜೂಕ ಕುಂತಂಗ ಆಗತೈತಿ," ಎಂದುಬಿಟ್ಟಳು. ಅದರ ಮೇಲೆ ಮಗ ಏನು ಹೇಳಿಯಾನು?

ಆದರೆ ಆ ಮಗ್ಗ ಅನಸವ್ವ ಒಬ್ಬಳಿಂದ ನಡೆಯುವುದಲ್ಲ. ಮಗ್ಗದ ಮೇಲಿನ ಉದ್ದೆಳೆಗಳ ಹಾಸು ತೀರುತ್ತ ಬಂದಾಗ ಅದನ್ನು ಕಡೆಯವರೆಗೆ ನೇಯ್ದು ಕೊಯ್ದುಬಿಡುವುದಿಲ್ಲ. ತುದಿ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯ ಒಂದೊಂದೇ ಎಳೆಗೆ ಬೆರಳಿನಿಂದ ಹೊಸೆದು ಕೂಡಿಸಬೇಕು. ಕೆಚ್ಚುವುದು ಎನ್ನುತ್ತಾರೆ ಅದಕ್ಕೆ. ಸಾವಿರಗಟ್ಟಲೆ ಎಳೆ. ಒಬ್ಬರು ಎಳೆ ಆರಿಸಿ ಕೊಡಬೇಕು, ಇನ್ನೊಬ್ಬರು ಹೊಸೆಯಬೇಕು. ಅನಸವ್ವನ ಕಣ್ಣು ಈ ಕೆಲಸಕ್ಕೆ ಸೋತು ಎಷ್ಟೋ ದಿನವಾಗಿತ್ತು. ಹೊಸೆಯುವವಳು ಪಕ್ಕದ ಮನೆಯ ಲಗಮವ್ವ.

ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಇಬ್ಬರೂ ಆ ಓಣಿಗೆ ಸೊಸೆಯರಾಗಿ ಬಂದದ್ದು ಒಂದೇ ವರ್ಷ. ಅತ್ತೆಯರನ್ನು ಬೈಯಲು ಗೋಡೆ ಬಡಿದು ಕರೆಯುತ್ತಿದ್ದವರು, ಆಮೇಲೆ ಸೊಸೆಯರನ್ನು ಬೈಯಲೂ ಹಾಗೇ ಕರೆದರು. ಲಗಮವ್ವನ ಮಗ್ಗವನ್ನು ಅವಳ ಗಂಡ ಕುಡಿತಕ್ಕೆ ಬಿದ್ದು ಮಾರಿದ. ಆವತ್ತು ಅವಳು ಅತ್ತದ್ದು ಅನಸವ್ವನ ಕುಣಿಯ ದಂಡೆಯ ಮೇಲೆ ಕೂತು. ಮಗ್ಗ ಹೋಯಿತು, ಬೆರಳು ಉಳಿದವು. ಆ ಬೆರಳು ಇಲ್ಲದಿದ್ದರೆ ಒಂದು ಹಾಸು ತೀರಿದ ಕೂಡಲೇ ಅನಸವ್ವನ ಮಗ್ಗ ಬಂದ್. ಇದು ಅನಸವ್ವನಿಗೂ ಗೊತ್ತು, ಓಣಿಗೂ ಗೊತ್ತು. ಲಗಮವ್ವ ಮಾತ್ರ ಒಂದು ದಿನವೂ ಆಡಿ ತೋರಿಸಿದವಳಲ್ಲ.

ಇನ್ನು ದುಂಡೇಶನ ವಿಷಯ. ಅವನೂ ಅದೇ ಓಣಿಯ ನೇಕಾರನ ಮಗ. ಸಣ್ಣವನಿದ್ದಾಗಲೇ ತಂದೆ ಹೋದ. ಶಂಕರೆಪ್ಪ ಅವನನ್ನು ತನ್ನ ಬಾಜೂಕ ಕೂರಿಸಿಕೊಂಡು ಲಾಳಿ ಹೊಡೆಯುವುದು ಕಲಿಸಿದ, ಹರಿದ ಎಳೆಗೆ ಗಂಟು ಹಾಕುವುದು ಕಲಿಸಿದ. ಅನಸವ್ವ ರೊಟ್ಟಿ ಹಾಕಿದಳು. ಅವನಿಗೆ ಅವಳು ಚಿಕ್ಕಮ್ಮನ ಸಮಾನ, ಚಿಗವ್ವ; ಅವಳಿಗೆ ಅವನು ದುಂಡ್ಯಾ. ಕೈಮಗ್ಗ ಅವನಿಗೆ ಹಿಡಿಸಲಿಲ್ಲ. ವಿದ್ಯುತ್ ಮಗ್ಗಕ್ಕೆ ಹೋದ, ಅದನ್ನೂ ಬಿಟ್ಟು ನಳ ಕೂಡಿಸುವ ಕೆಲಸ ಹಿಡಿದ. ಈಗ ಮೋಟರ್ ಸೈಕಲ್ಲಿದೆ, ಹಿಂದೆ ಪೈಪು ಕಟ್ಟಿಕೊಂಡು ತೇರದಾಳ, ಮುಧೋಳ, ಬೀಳಗಿ ಎಂದು ತಿರುಗುತ್ತಾನೆ. ಬಾಯಿ ಮಾತ್ರ ಸಕ್ಕರೆ ಕಾರ್ಖಾನೆ.

ನವೀನನಿಗೆ ಮದುವೆಯಾಗಿ ಪೂರ್ಣಿಮಾ ಮನೆಗೆ ಬಂದಳು. ಒಳಗೊಂದು ಒಳ್ಳೆಯ ಬಚ್ಚಲು, ಮೇಲೆ ಟಾಕಿ, ತಿರುವಿದರೆ ನೀರು, ಇಷ್ಟು ಮಾಡಿಸೋಣ ಎಂದು ನವೀನ ಹೊರಟ. ಜಮಖಂಡಿಯಲ್ಲಿ ಒಬ್ಬ ಪ್ಲಂಬರನನ್ನು ಮಾತಾಡಿಸಿಯೂ ಬಂದಿದ್ದ. ಅನಸವ್ವ ಕೈ ಅಡ್ಡ ಹಿಡಿದಳು.

"ಮನಿ ಹುಡುಗ ಇರೂವಾಗ ಜಮಖಂಡಿಯಿಂದ ಯಾಕ ಕರೀತಿ? ದುಂಡ್ಯಾ ಏನ ಸತ್ತಾನೇನ?"

"ಅವ್ವಾ, ನಮ್ಮ ಓಣ್ಯಾಗ ಅಂವನ ಕೆಲಸದ ಬಗ್ಗಿ ಯಾರೂ ಛಲೋ ಹೇಳೂದಿಲ್ಲ."

"ಮಂದಿ ಮಾತ ಕಟಗೊಂಡು ಏನ ಮಾಡ್ತಿ? ನಿಮ್ಮಪ್ಪನ ಕೈಯಾಗ ಕಲತಾಂವ ಅಂವ."

ಮುಗಿಯಿತು. ಸತ್ತ ಗಂಡನ ಹೆಸರು ಬಂದ ಮೇಲೆ ಆ ಮನೆಯಲ್ಲಿ ಮಾತು ಮುಂದೆ ಹೋಗುವುದಿಲ್ಲ.

ದುಂಡೇಶ ಬಂದ, ಕೆಲಸ ಮಾಡಿದ. ಕೆಲಸವೋ, ಕೋಳಿ ಕೆದರಿದ್ದೋ ಎಂದು ಕೇಳಬೇಕು, ಹಾಗೆ. ಗೋಡೆಗೆ ಒಂದು ಗೀರು ಹಾಕಬೇಕಾದಲ್ಲಿ ಎರಡು ಹಾಕಿದ. ನಳ ಸೊಟ್ಟ ಕೂತಿತು. ನೀರು ಬಕೀಟಿಗೆ ಬೀಳದೆ ಕಾಲಿಗೆ ಬೀಳುತ್ತಿತ್ತು. ಸಿಮೆಂಟು ಫರಸಿಯ ಮೇಲೆಲ್ಲ ಚೆಲ್ಲಿ ಹಾಗೇ ಒಣಗಿತು. ಪೂರ್ಣಿಮಾ ಮೊದಲೆರಡು ದಿನ ಸುಮ್ಮನಿದ್ದವಳು ಮೂರನೆಯ ದಿನ ಅತ್ತೆಯ ಕಿವಿಯಲ್ಲಿ, "ಅತ್ತೀ, ನಳ ಸೊಟ್ಟ ಆಗೇತ್ರಿ," ಎಂದಳು. "ನೀನ ಸ್ವಲ್ಪ ಸೊಟ್ಟ ನಿಂತ ನೋಡು, ನೆಟ್ಟಗ ಕಾಣತೈತಿ," ಎಂದಳು ಅನಸವ್ವ. ತಮಾಷೆಗೇ ಅಂದದ್ದು. ಪೂರ್ಣಿಮಾ ನಗಲಿಲ್ಲ.

ಟಾಕಿಯಿಂದ ಬಚ್ಚಲಿಗೆ ಇಳಿಯುವ ಪೈಪನ್ನು ಹಿತ್ತಲಿನಿಂದ ಸುತ್ತಿ ತರಬೇಕು ಎಂದು ಮೊದಲು ಮಾತಾಗಿತ್ತು. ದುಂಡೇಶ ಅದನ್ನು ನಡುಮನೆಯ ಗೋಡೆಯೊಳಗೆ, ಮಗ್ಗದ ಮಗ್ಗುಲಿಂದಲೇ ಇಳಿಸಿದ. "ಒಳಗ ಮುಚ್ಚಿದ್ರ ಕಾಣೂದಿಲ್ಲ ಚಿಗವ್ವ, ಛಂದ ಇರತೈತಿ," ಎಂದ. ಅವನು ಆ ಗೋಡೆ ಮುಚ್ಚಿ ಗಿಲಾವು ಬಳಿಯುವಾಗ ಅನಸವ್ವ ಎಲ್ಲಿದ್ದಳು? ಅಡುಗೆ ಮನೆಯಲ್ಲಿ, ಅವನಿಗೆ ಕಡಲೆಹಿಟ್ಟಿನ ಜುಣಕದ ವಡಿ ಕೊಯ್ಯುತ್ತಿದ್ದಳು. ಅವನಿಗೆ ಸಣ್ಣಂದಿನಿಂದ ಅದೆಂದರೆ ಪ್ರಾಣ. ತಾಟು ಹಿಡಿದು ಹೊರಗೆ ಬರುವಷ್ಟರಲ್ಲಿ ಗೋಡೆ ಮುಚ್ಚಿಯಾಗಿತ್ತು, ಅವನು ಕೈ ತೊಳೆದು ಕೂತಿದ್ದ. ಬಡಿಸಿದಳು. ಹೋಗುವಾಗ ತಾನೇ ನೇಯ್ದ ಸೀರೆಯೊಂದನ್ನು ಅವನ ಹೆಂಡತಿಗೆಂದು ಕೊಟ್ಟಳು.

ಅದಾಗಿ ಬೇಸಿಗೆ ಬಂತು. ಈಗ ಕೇಳಿ, ನೇಕಾರರಲ್ಲದವರು ಮಾಡದ ತಪ್ಪನ್ನು ಅನಸವ್ವ ಮಾಡಿದ್ದು ಇಲ್ಲೇ.

ಆ ಸೀಮೆಯ ಬೇಸಿಗೆಯಲ್ಲಿ ಹತ್ತಿಯ ಎಳೆ ಒಣಗಿ ಪಟಪಟ ಹರಿಯುತ್ತದೆ. ಲಾಳಿ ನಾಲ್ಕು ಸಲ ಓಡಾಡಿದರೆ ಒಂದು ಎಳೆ ಹರಿಯಿತು, ಎದ್ದು ಗಂಟು ಹಾಕು, ಮತ್ತೆ ಕೂರು. ಅದಕ್ಕೇ ಕೈಮಗ್ಗದವರು ಬೇಸಿಗೆಯಲ್ಲಿ ಕುಣಿಗೆ ನೀರು ಚಿಮುಕಿಸುತ್ತಾರೆ. ಕುಣಿ ತಂಪಿದ್ದರೆ ಎಳೆಗೆ ಜೀವ. ಆ ವರ್ಷ ಅನಸವ್ವ ಕುಣಿಯಲ್ಲಿ ಕಾಲಿಟ್ಟರೆ ತಂಪು ತಾನೇ ಇತ್ತು. ನೀರು ಚಿಮುಕಿಸುವ ಕೆಲಸವೇ ಇಲ್ಲ. ಎಳೆ ಹರಿಯದು. ಲಾಳಿ ಬೆಣ್ಣೆಯಲ್ಲಿ ಓಡಿದಂತೆ ಓಡಿತು. ಬೇರೆ ಯಾರಾದರೂ ಆಗಿದ್ದರೆ ನಡುಬೇಸಿಗೆಯಲ್ಲಿ ಮನೆಯೊಳಗೆ ನೆಲ ಹಸಿಯಾಗಿದೆ ಎಂದು ಹೌಹಾರುತ್ತಿದ್ದರು. ಇವಳು ಊರಿಗೆಲ್ಲ ಡಂಗುರ ಹೊಡೆದಳು.

ಓಣಿಯಲ್ಲಿ ಎದುರಾದ ದುಂಡೇಶನಿಗೂ ಹೇಳಿದಳು. "ಲೇ ದುಂಡ್ಯಾ, ಏನ ಕೈಗುಣಾನೋ ನಿಂದು! ನೀ ಬಂದ ಹೋದಾಗಿಂದ ನನ್ನ ಕುಣಿ ತಂಪ ಆಗೇತಿ ನೋಡು."

ದುಂಡೇಶ ಮೋಟರ್ ಸೈಕಲ್ ನಿಲ್ಲಿಸಿದ. ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ನಕ್ಕ. "ಛಲೋ ಆತಲ್ಲ ಚಿಗವ್ವ. ಕುಣಿ ತಂಪಿದ್ರ ಎಳಿ ಹರಿಯೂದಿಲ್ಲ. ಕಾಕಾ ಹೇಳತಿದ್ದ ನೆನಪೈತಿಲ್ಲೋ?"

ಕಾಕಾ ಎಂದರೆ ಶಂಕರೆಪ್ಪ. ಆ ಹೆಸರು ಕೇಳಿ ಅನಸವ್ವನ ಕಣ್ಣು ತುಂಬಿ ಬಂತು. ಹುಡುಗ ಮರೆತಿಲ್ಲ ಎಂದುಕೊಂಡಳು. ಹೌದು, ಮರೆತಿರಲಿಲ್ಲ. ಮರೆತಿದ್ದರೆ ಎಷ್ಟೋ ವಾಸಿಯಿತ್ತು.

ತಂಪು ಹಸಿಯಾಯಿತು, ಹಸಿ ಕೆಸರಾಯಿತು. ಮಗ್ಗುಲ ಗೋಡೆಯ ಗಿಲಾವು ಹಪ್ಪಳದಂತೆ ಉಬ್ಬಿ ಉದುರತೊಡಗಿತು. ಒಂದು ಮುಂಜಾನೆ ಕುಣಿಗೆ ಕಾಲು ಇಳಿಸಿದರೆ ಪಾದ ಮುಳುಗುವಷ್ಟು ನೀರು. ಹಾಸಿನ ಎಳೆಗಳಿಗೆ ತಿನ್ನಿಸಿದ ಗಂಜಿ ಬೂಷ್ಟು ಹಿಡಿದು, ಎಳೆಯೆಲ್ಲ ಕಪ್ಪು ಕಪ್ಪು ಚುಕ್ಕೆ. ಕೈಯಿಂದ ಸವರಿದರೆ ಹಾಸು ಅಲ್ಲಲ್ಲೇ ಕಿತ್ತು ಬಂತು.

ದುಂಡೇಶನನ್ನು ಕರೆಸಿದರು. ಅವನು ಬಂದು ಗೋಡೆಗೆ ಕಿವಿ ಹಚ್ಚಿದ, ಬಡಿದ, ಮೂಸಿಯೂ ನೋಡಿದ. ವೈದ್ಯರು ನಾಡಿ ಹಿಡಿದಂತೆ ಕಣ್ಣು ಮುಚ್ಚಿದ.

"ನಂದಲ್ಲ ಇದು. ನನ್ನ ಪೈಪ ಗಟ್ಟಿ ಐತಿ. ಇದು ಆಚಿ ಕಡಿಂದ ಬರೂ ನೀರು." ದನಿ ತಗ್ಗಿಸಿದ. "ಚಿಗವ್ವ, ಹೇಳಬಾರದು, ಆದ್ರೂ ಹೇಳ್ತೀನಿ. ಲಗಮವ್ವನ ಬಚ್ಚಲ ಈ ಗ್ವಾಡಿಗೇ ಹತ್ತೇತಿ. ಆಕಿ ಬಚ್ಚಲ ಹಳೇದು. ಆ ನೀರ ಇಲ್ಲಿ ಇಳ್ಯಾಕತ್ತೈತಿ."

ಪೂರ್ಣಿಮಾ ಬಾಗಿಲಲ್ಲಿ ನಿಂತಿದ್ದಳು. "ಟಾಕಿ ಖಾಲಿ ಆದ ದಿನ ಗ್ವಾಡಿ ಆರಿರತೈತ್ರಿ ಅತ್ತೀ. ನಾ ನೋಡೀನಿ," ಎಂದಳು.

"ನಿನಗೇನ ತಿಳೀತೈತಿ? ಸುಮ್ಮನಿರು," ಎಂದಳು ಅನಸವ್ವ. ದುಂಡೇಶ ಪಾಪ, ದೊಡ್ಡ ಮನಸ್ಸಿನವನು, "ಹೋಗ್ಲಿ ಬಿಡ್ರಿ, ಅವ್ರಿಗೆ ಗೊತ್ತಾಗೂದಿಲ್ಲ," ಎಂದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅನಸವ್ವ ಹಾಗೇ ಬರಿಗಾಲಲ್ಲಿ ಎದ್ದು ಓಣಿಗೆ ಇಳಿದಳು. ಗೋಡೆ ಬಡಿದು ಕರೆಯಬಹುದಿತ್ತು. ಒಳಗೆ ಹೋಗಿ, ನಿನ್ನ ಬಚ್ಚಲ ಸ್ವಲ್ಪ ನೋಡೋಣ ಬಾ ಎನ್ನಬಹುದಿತ್ತು. ಅದೇನೂ ಮಾಡದೆ ಲಗಮವ್ವನ ಕಟ್ಟೆಯ ಮುಂದೆ ನಿಂತು ಗಂಟಲು ತೆರೆದಳು. ನಳಕ್ಕೆ ಪಾಳಿ ಹಚ್ಚಿ ನಿಂತಿದ್ದ ಹೆಂಗಸರೆಲ್ಲ ಕೊಡ ಕೆಳಗಿಟ್ಟರು.

"ನಿನ್ನ ಬಚ್ಚಲದ ಹೊಲಸ ನೀರ ಕುಡದು ನನ್ನ ಮಗ್ಗ ಸಾಯಾಕತ್ತೈತಿ! ಗೊತ್ತಿದ್ದೂ ಸುಮ್ಮನ ಕುಂತೀಯಲ್ಲ, ನಾಚಿಗಿ ಬರೂದಿಲ್ಲ?"

ಲಗಮವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಏನಾತ ಬೇ ಅನಸವ್ವಾ? ಒಳಗ ಬಾ, ಕುಂತ ಹೇಳು."

ಆ ಮೆತ್ತಗಿನ ಮಾತು ಅನಸವ್ವನಿಗೆ ಇನ್ನಷ್ಟು ಉರಿ ಹಚ್ಚಿತು. "ಏನ ಕುಂತ ಹೇಳೂದು? ನಿನ್ನ ಮಗ್ಗ ಹೋತು, ಇಕಿದೂ ಹೋಗ್ಲಿ ಅಂತ ಕಣ್ಣ ಹಾಕಿ ಕುಂತಿದ್ದಿ! ಈಗ ತಣ್ಣಗಾತೇನ ನಿನ್ನ ಹೊಟ್ಟಿ?"

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಲಗಮವ್ವ ಕೈಯ ಹಿಟ್ಟು ಕೊಡವಿದಳು. "ಹಂಗೇನ?" ಎಂದಳು. ಅಷ್ಟೇ ಅಂದು ಒಳಗೆ ಹೋದಳು.

ಮರುದಿನ ಲಗಮವ್ವನ ಮನೆಯಲ್ಲಿ ಗೌಂಡಿಯ ಸುತ್ತಿಗೆ ಸದ್ದು. ತನ್ನ ಗಟ್ಟಿಮುಟ್ಟಾದ ಬಚ್ಚಲಿನ ಫರಸಿಯನ್ನೆಲ್ಲ ಕೀಳಿಸಿದಳು. ಗೋಡೆಯ ಬುಡದವರೆಗೆ ಅಗೆಸಿದಳು. ಓಣಿಯ ಹೆಂಗಸರನ್ನು ಕರೆದು ತೋರಿಸಿದಳು. ಬುಡದಲ್ಲಿ ಏನಿತ್ತು? ಒಣ ಮಣ್ಣು. ಇರುವೆಗಳು ಅಲ್ಲಿ ಗೂಡು ಮಾಡಿ ಸಂಸಾರ ಹೂಡಿದ್ದವು. ಲಗಮವ್ವ ಆ ಮಣ್ಣನ್ನು ಒಂದು ಬುಟ್ಟಿ ತುಂಬಿ ತಂದು ಅನಸವ್ವನ ಹೊಸ್ತಿಲ ಮುಂದೆ ಸುರಿದಳು. ಬೈಯಲಿಲ್ಲ, ಶಾಪ ಹಾಕಲಿಲ್ಲ. ಬರಿ ಬುಟ್ಟಿ ಕೊಡವಿಕೊಂಡು ಹೋದಳು.

ಅನಸವ್ವ ಆ ಮಣ್ಣನ್ನು ಮುಟ್ಟಿ ನೋಡಿದಳು. ಧೂಳು.

ನವೀನ ಆ ಸಂಜೆ ಕೆಲಸದಿಂದ ಬಂದವನೇ ಮೇಲೆ ಹತ್ತಿ ಟಾಕಿಯ ವಾಲ್ ಬಂದ್ ಮಾಡಿದ. ಬೆಳಗಾಗುವುದರೊಳಗೆ ಕುಣಿಗೆ ನೀರು ಬರುವುದು ನಿಂತಿತ್ತು. ರಜೆ ಹಾಕಿದ ನವೀನ ಉಳಿ, ಸುತ್ತಿಗೆ ಹಿಡಿದು ಗೋಡೆ ಒಡೆಯತೊಡಗಿದ. ಅನಸವ್ವ ಎದುರಿಗೆ ಕೂತಳು. ಈ ಸಲ ಜುಣಕ ಮಾಡಲು ಹೋಗಲಿಲ್ಲ.

ಗಿಲಾವು ಕಳಚಿತು. ಒಳಗಿನದು ಕಂಡಾಗ ನವೀನನ ಕೈ ನಿಂತಿತು. ಪೈಪು ಗೇಣುದ್ದ ಕಡಿಮೆ ಬಿದ್ದಿತ್ತು. ಇನ್ನೊಂದು ತುಂಡು ತಂದು, ಕೂಡುಕೊಳವೆ ಹಾಕಿ, ಅಂಟು ಹಚ್ಚಿ ಸೇರಿಸಬೇಕಾದವನು, ಯಾವುದೋ ಬೇರೆ ಅಳತೆಯ ಹಳೆಯ ತುಂಡನ್ನು ಬೆಂಕಿಯಲ್ಲಿ ಕಾಸಿ, ಬಾಯಿ ಅಗಲಿಸಿ, ಒಂದರೊಳಗೊಂದು ತುರುಕಿದ್ದ. ಅಂಚು ಕರಕಲಾಗಿ ಬಿರಿದಿತ್ತು. ಬಿರುಕಿನ ಮೇಲೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದ್ದ. ರಬ್ಬರು ಬಿಚ್ಚಬಾರದೆಂದು ಮೇಲೆ ನೂಲು ಬಿಗಿದಿದ್ದ. ಅದರ ಮೇಲೆ ಒಂದು ಮುಷ್ಟಿ ಸಿಮೆಂಟು.

ಅನಸವ್ವ ಬಗ್ಗಿ ನೋಡಿದಳು. ನೂಲು ಅವಳ ಮಗ್ಗದ್ದೇ. ಅಲ್ಲೇ ಕುಣಿಯ ದಂಡೆಯ ಮೇಲೆ ನೂಲು ಸುತ್ತಿಟ್ಟಿದ್ದ ಕಂಡಿಕೆಯಿಂದ ಎಳೆದುಕೊಂಡಿದ್ದ. ಗಂಟು ಮಾತ್ರ ನೋಡಬೇಕು! ಅಪ್ಪಟ ನೇಕಾರನ ಗಂಟು, ಅಕ್ಕಿಕಾಳಿಗಿಂತ ಸಣ್ಣದು, ಎಷ್ಟು ಜಗ್ಗಿದರೂ ಬಿಚ್ಚದ್ದು. ಶಂಕರೆಪ್ಪ ಮೊಣಕಾಲ ಮೇಲೆ ಕೂರಿಸಿಕೊಂಡು ಕಲಿಸಿದ ಗಂಟು. ಆ ಇಡೀ ಕೆಲಸದಲ್ಲಿ ಅಚ್ಚುಕಟ್ಟಾಗಿದ್ದದ್ದು ಅದೊಂದೇ.

"ಕುಣಿ ತಂಪಾಗೇತಿ ಅಂದಾಗನ ಅಂವಗ ಗೊತ್ತಾಗೇತಿ," ಎಂದಳು ಅನಸವ್ವ. "ಆಗನ ಗೊತ್ತಾಗೇತಿ. ನಿಮ್ಮಪ್ಪನ ಹೆಸರ ಹೇಳಿ ನನ್ನ ಬಾಯಿ ಮುಚ್ಚಿದ." ಅವಳಿಗೆ ಅಳು ಬರಲಿಲ್ಲ.

ಫೋನು ಮಾಡಿದರೆ ದುಂಡೇಶ ಎತ್ತಲಿಲ್ಲ. ತೇರದಾಳದಲ್ಲಿ ಒಬ್ಬ ವ್ಯಾಪಾರಿಯ ಹೊಸ ಮನೆಗೆ ಪೈಪು ಹಾಕುತ್ತಿದ್ದಾನೆ ಎಂದು ಅವನ ಹೆಂಡತಿ ಹೇಳಿದಳು. ಅನಸವ್ವ ಮಗನಿಗೂ ಹೇಳದೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಬೈಗುಳಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡು ಇಟ್ಟುಕೊಂಡಳು. ಆ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಅವೆಲ್ಲ ಮರೆತುಹೋದವು.

ಯಾಕೆಂದರೆ ಗೋಡೆ ನೋಡಿದಳು. ನೂಲು ಹಿಡಿದು ಗೆರೆ ಹೊಡೆದಂತೆ ಪೈಪುಗಳು ನೇರ ಇಳಿದಿದ್ದವು. ಒಂದಕ್ಕೊಂದು ಸಮ ದೂರ. ಪ್ರತಿ ಕೂಡಿನಲ್ಲೂ ಹೊಸ ಕೂಡುಕೊಳವೆ, ಅಂಟು ಒಂದು ಹನಿ ಹೊರಗೆ ಬಂದಿಲ್ಲ. ಕೆಳಗೆ ಕಸವಿಲ್ಲ, ಸಿಮೆಂಟು ಚೆಲ್ಲಿಲ್ಲ. ದುಂಡೇಶ ಮಟ್ಟ ಹಿಡಿದು ನಳ ಕೂಡಿಸುತ್ತಿದ್ದ, ಒಂದು ಕಣ್ಣು ಮುಚ್ಚಿ, ನಾಲಿಗೆ ತುದಿ ಕಚ್ಚಿ. ಮಗ್ಗದ ಮುಂದೆ ಕೂತು ಕಲಿಯುವಾಗ ಹೀಗೇ ನಾಲಿಗೆ ಕಚ್ಚುತ್ತಿದ್ದ.

ಅನಸವ್ವ ಅಲ್ಲಿಯವರೆಗೆ ಒಂದು ಸಮಾಧಾನ ಇಟ್ಟುಕೊಂಡಿದ್ದಳು. ಹುಡುಗನಿಗೆ ಕೆಲಸ ಸರಿಯಾಗಿ ಬರದು, ಬಾರದ್ದಕ್ಕೆ ಮುಚ್ಚಿಟ್ಟ ಎಂದು. ಅದೂ ಹೋಯಿತು. ಅವನಿಗೆ ಕೆಲಸ ಬರುತ್ತಿತ್ತು.

"ಅಯ್ಯ ಚಿಗವ್ವ! ಇಲ್ಲಿ ಮಟಾ ಯಾಕ ಬಂದ್ರಿ?"

"ಗ್ವಾಡಿ ಒಡದೀವಿ."

ದುಂಡೇಶ ಕೈಯಲ್ಲಿದ್ದ ಮಟ್ಟವನ್ನು ಕೆಳಗಿಟ್ಟ. ಆಮೇಲೆ ಅವಳನ್ನು ಅಂಗಳದ ಮೂಲೆಗೆ ಕರೆದುಕೊಂಡು ಬಂದ, ಮನೆಯವರಿಗೆ ಕೇಳಿಸಬಾರದೆಂದು.

"ಇಷ್ಟ ಛಂದ ಕೆಲಸ ಬರತೈತಿ ನಿನಗ," ಎಂದಳು ಅನಸವ್ವ. "ನನ್ನ ಮನ್ಯಾಗ ಯಾಕ ಹಂಗ ಮಾಡಿದ್ಯೋ?"

"ಅವತ್ತ ಮುಧೋಳದಾಗ ಇನ್ನೊಂದ ಕೆಲಸ ಇತ್ತು ಚಿಗವ್ವ. ಅವ್ರು ಬಾ ಬಾ ಅಂತ ಜೀವಾ ತಿನ್ನಾಕತ್ತಿದ್ರು. ಪೈಪ ಕಮ್ಮಿ ಬಿತ್ತು. ಮತ್ತ ಅಂಗಡಿಗೆ ಹೋಗೂದು ಬರೂದು…"

"ಕುಣಿ ತಂಪಾತು ಅಂದಾಗ ಹೇಳಬಹುದಿತ್ತಲ್ಲ?"

ಅವನು ಬೆರಳಿಗೆ ಹತ್ತಿದ ಅಂಟು ಕೆರೆದುಕೊಳ್ಳತೊಡಗಿದ.

"ಲಗಮವ್ವನ ಹೆಸರ ಯಾಕ ಹೇಳಿದಿ?"

"ಯಾರದರೆ ಹೇಳಬೇಕಿತ್ತಲ್ಲ." ಆಮೇಲೆ, ಬಹಳ ನ್ಯಾಯವಾದ ಮಾತು ಹೇಳುವವನಂತೆ ತಲೆ ಎತ್ತಿದ. "ನೋಡ್ರಿ ಚಿಗವ್ವ, ಇವ್ರ ಮನ್ಯಾಗ ಹಂಗ ಮಾಡಿದ್ರ ಬಿಡ್ತಾರೇನ? ಚರ್ಮಾ ಸುಲೀತಾರ. ಬ್ಯಾರೆಯವರದಾಗಿದ್ರ ನಾ ಹಂಗ ಮಾಡ್ತಿದ್ದಿಲ್ರೀ. ನೀವು ನಮ್ಮವ್ರು, ಏನೂ ಅನ್ನೂದಿಲ್ಲ ಅಂತ ಬಿಟ್ಟೆ."

ಹೊಡೆಯಲು ಕೈ ಎತ್ತಿದ್ದಳೇನೋ. ಕೈ ಕೆಳಗಿಳಿಯಿತು. ಇದಕ್ಕೆ ಏನು ಬೈಗುಳ ಇದೆ? ಇಷ್ಟು ವರ್ಷ ಅವನಿಗೆ ಹಾಕಿದ ರೊಟ್ಟಿಯೇ ಅವನಿಗೆ ಧೈರ್ಯ ಕೊಟ್ಟಿತ್ತು. ಅವಳ ಪ್ರೀತಿಯನ್ನು ಅಳೆದು ನೋಡಿ, ಇದರಲ್ಲಿ ಇಷ್ಟು ಮೋಸ ಹಿಡಿಸುತ್ತದೆ ಎಂದು ಲೆಕ್ಕ ಹಾಕಿದ್ದ. "ಇನ್ನ ನನ್ನ ಚಿಗವ್ವ ಅನ್ನಬ್ಯಾಡ," ಎಂದಳು. ಅವನು ಏನೋ ಹೇಳುತ್ತ ಹಿಂದೆ ಬಂದ, ಬಂದು ಸರಿ ಮಾಡಿಕೊಡುತ್ತೇನೆ ಎಂದೇನೋ. ಅವಳು ನಿಲ್ಲಲಿಲ್ಲ.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನೀವು ನಮ್ಮವ್ರು, ನೀವು ನಮ್ಮವ್ರು. ಥೂ, ನಿನ್ನ ಬಾಯಿಗೆ ಮಣ್ಣ ಹಾಕ, ಎಂದು ಮನಸ್ಸಿನಲ್ಲೇ ಆ ಮಾತಿಗೆ ಶಾಪ ಹಾಕಿದಳು.

ಇಳಿದವಳು ತನ್ನ ಮನೆಗೆ ಹೋಗಲಿಲ್ಲ. ನೆಟ್ಟಗೆ ಲಗಮವ್ವನ ಹಿತ್ತಲಿಗೆ ಹೋದಳು. ಬಚ್ಚಲು ಕಿತ್ತದ್ದು ಕಿತ್ತಂತೆಯೇ ಇತ್ತು. ಲಗಮವ್ವ ಬಯಲಲ್ಲಿ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ತಪ್ಪಾತ ಬೇ ಲಗಮವ್ವಾ," ಎಂದಳು ಅನಸವ್ವ. "ದುಂಡ್ಯಾ ಸುಳ್ಳ ಹೇಳಿದ. ಪೈಪ ಒಡದಿದ್ದು ನಮ್ಮದ."

"ಗೊತ್ತಾತು. ಗ್ವಾಡಿ ಒಡ್ಯೂದು ಕೇಳಿಸ್ತು."

"ಅಂವನ ಮಾತ ಕೇಳಿ ಕೆಟ್ಟೆ."

ಲಗಮವ್ವ ಬಟ್ಟೆ ಕುಕ್ಕುವುದನ್ನು ನಿಲ್ಲಿಸಿದಳು. "ಅಂವ ಹೇಳಿದ್ದು ಬಚ್ಚಲದ್ದು. ನಾ ಕಣ್ಣ ಹಾಕೀನಿ ಅಂತ ಅಂವ ಹೇಳಿಕೊಟ್ಟಿದ್ನೇನ?"

ಅದನ್ನು ದುಂಡೇಶ ಹೇಳಿಕೊಟ್ಟಿರಲಿಲ್ಲ. ಅದು ಅನಸವ್ವನದೇ ಬಾಯಿಂದ, ಅವಳದೇ ಹೊಟ್ಟೆಯಿಂದ ಬಂದದ್ದು.

"ನನ್ನ ಮಗ್ಗ ಹೋದಾಗ ನಾ ಎಲ್ಲಿ ಕುಂತ ಅತ್ತಿದ್ದೆ ಅನಸವ್ವಾ? ಓಣ್ಯಾಗೇನ? ನಿನ್ನ ಮುಂದ ಅತ್ತದ್ದನ್ನ ನೀ ಓಣ್ಯಾಗ ಒದರಿದಿ."

"ಸಿಟ್ಟಿನ ಕೈಯಾಗ ಬುದ್ಧಿ ಕೊಟ್ಟೆ. ಬ್ಯಾರೆಯವರಾಗಿದ್ರ ನಾ ಹಂಗ ಅಂತಿದ್ದಿಲ್ಲ ಬೇ. ನೀ ನಮ್ಮಾಕಿ ಅಂತ…"

ಮಾತು ಅಲ್ಲೇ ಕಡಿಯಿತು. ಅನಸವ್ವ ಈಗಷ್ಟೇ ತೇರದಾಳದ ಅಂಗಳದಲ್ಲಿ ಇದನ್ನು ಕೇಳಿ ಬಂದಿದ್ದಳು, ಇದಕ್ಕೇ ಬಸ್ಸಿನುದ್ದಕ್ಕೂ ಶಾಪ ಹಾಕಿದ್ದಳು. ಈಗ ನೋಡಿದರೆ ಅವಳದೇ ನಾಲಿಗೆಯ ಮೇಲೆ ಕೂತಿತ್ತು. ಮುಂದಿನ ಅರ್ಧ ಮಾತನ್ನು ಅವಳು ನುಂಗಿದಳು.

ಲಗಮವ್ವನಿಗೆ ತೇರದಾಳದ್ದು ಗೊತ್ತಿಲ್ಲ. ಅವಳು ಬಟ್ಟೆ ಹಿಂಡಿ, ಝಾಡಿಸಿ, ಹಗ್ಗದ ಮೇಲೆ ಹಾಕಿದಳು. ಆಮೇಲೆ ಹೇಳಿದಳು: "ಕುಣಿ ಒಣಗಿಸಿ ಹೊಸ ಹಾಸು ತರಸು. ಕೆಚ್ಚಿ ಕೊಡ್ತೀನಿ. ಹಾಸೇನ ತಪ್ಪ ಮಾಡಿಲ್ಲ. ನನ್ನ ಮಾತ್ರ ಮಾತಾಡಸಬ್ಯಾಡ."

ಹಾಗೆಯೇ ಆಯಿತು. ಗೋಡೆಯ ಪೈಪನ್ನು ಕಿತ್ತು ಹಿತ್ತಲಿನಿಂದ ತಂದರು, ಜಮಖಂಡಿಯವನೇ ಬಂದು ಮಾಡಿದ. ಪೂರ್ಣಿಮಾ ನಿಂತು ಮಾಡಿಸಿದಳು. ಕುಣಿಗೆ ಹೊಸ ಮಣ್ಣು ಹಾಕಿ ಬಡಿದು ಗಟ್ಟಿ ಮಾಡಿದರು. ಹೊಸ ಹಾಸು ಬಂತು. ಕೊಳೆಯದೆ ಉಳಿದ ಹಳೆಯ ಎಳೆಯ ತುದಿಗಳನ್ನು ಅನಸವ್ವ ಬಿಡಿಸಿ ಇಟ್ಟಳು.

ಲಗಮವ್ವ ಹೇಳಿದ ಹೊತ್ತಿಗೆ ಬಂದಳು. ಹಾಸಿನ ಆಚೆ ಅವಳು, ಈಚೆ ಇವಳು. ಅನಸವ್ವ ಎಳೆ ಆರಿಸಿ ಕೊಟ್ಟಳು, ಲಗಮವ್ವ ಹೊಸೆದಳು. ಬೆರಳು ಎಂದಿನಂತೆಯೇ ಓಡಿದವು. ಒಂದು ಎಳೆಯೂ ಸಡಿಲಾಗಲಿಲ್ಲ, ಒಂದೂ ತಪ್ಪಲಿಲ್ಲ. ಪೂರ್ಣಿಮಾ ಚಹಾ ತಂದಿಟ್ಟಳು, ಅದು ಕೆನೆಗಟ್ಟಿ ಆರಿತು.

"ಲಗಮವ್ವಾ," ಎಂದಳು ಅನಸವ್ವ ಒಮ್ಮೆ, ತಡೆಯಲಾರದೆ.

ಲಗಮವ್ವ ಮುಖ ಎತ್ತಲಿಲ್ಲ. ಮುಂದಿನ ಎಳೆಗೆ ಕೈ ಚಾಚಿದಳು. ಅನಸವ್ವ ಎಳೆ ಕೊಟ್ಟಳು.